ನಿಮ್ಮ ಶೀತಲ ಸಮರದ ಲೇಖನ ಯಾಕೆ ವಾಪಸ್ ಬರುತ್ತಿದೆ

ಪ್ರಿಯ ಬರಹಗಾರ ಮಿತ್ರರೇ,

ನಮಸ್ಕಾರ. ನೀವು ಕಳಿಸಿದ ‘ಎರಡು ದೈತ್ಯರ ಕಾಳಗ’ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳುತ್ತಿಲ್ಲ. ಒಳಗೆ ಒಂದು ಒಳ್ಳೆಯ ಲೇಖನ ಇದೆ. ಅದರ ಮೇಲೆ ನೀವೇ ಇನ್ನೂ ಮೂರು ಲೇಖನ ಹೇರಿಬಿಟ್ಟಿದ್ದೀರಿ. 1917ರ ರಷ್ಯಾ ಕ್ರಾಂತಿಯಿಂದ ಹೊರಟು 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುವ ತನಕ ನಾಲ್ಕೂವರೆ ಸಾವಿರ ಪದಗಳಲ್ಲಿ ಓಡಿದ್ದೀರಿ. ವಿಯೆಟ್ನಾಂಗೆ ಎರಡು ಸಾಲು, ಚಂದ್ರಯಾನಕ್ಕೆ ಒಂದು ಸಾಲು, ಅಫ್ಘಾನಿಸ್ತಾನಕ್ಕೆ ಅರ್ಧ ಸಾಲು. ಇಷ್ಟು ಓದಿದವರಿಗೆ ಏನು ಸಿಗುತ್ತದೆ ಹೇಳಿ? ಹೆಸರುಗಳು ಸಿಗುತ್ತವೆ, ಅಷ್ಟೇ.

ನಿಜವಾದ ತೊಂದರೆ ಉದ್ದದ್ದಲ್ಲ. ನೀವು ಕೊನೆಯನ್ನು ಮೊದಲೇ ತಿಳಿದುಕೊಂಡು ಬರೆದಿದ್ದೀರಿ. ಎರಡನೇ ಪ್ಯಾರಾದಲ್ಲೇ ‘ಕಮ್ಯುನಿಸಂ ಮತ್ತು ಪ್ರಜಾಪ್ರಭುತ್ವ ಎಣ್ಣೆ ನೀರಿನಂತೆ, ಘರ್ಷಣೆ ಅನಿವಾರ್ಯವಾಗಿತ್ತು’ ಅಂತ ತೀರ್ಪು ಕೊಟ್ಟಿದ್ದೀರಿ. ಅನಿವಾರ್ಯ ಅಂದಮೇಲೆ ಹೇಳುವುದಕ್ಕೆ ಏನು ಉಳಿಯಿತು? ಮುಂದಿನದೆಲ್ಲ ಸುಮ್ನೆ ತಾರೀಖುಗಳ ಪಟ್ಟಿ ಆಗುತ್ತದೆ. ಹಾಗೇ ಆಗಿದೆ ಕೂಡ.

ಅನಿವಾರ್ಯವಾಗಿದ್ದರೆ 1941ರಿಂದ 1945ರ ತನಕ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಒಟ್ಟಿಗೆ ಹಿಟ್ಲರ್ ವಿರುದ್ಧ ಹೋರಾಡಿದ್ದು ಹೇಗೆ? ಅಮೆರಿಕ ಆ ವರ್ಷಗಳಲ್ಲಿ ಸೋವಿಯತ್ ಒಕ್ಕೂಟಕ್ಕೆ ಸುಮಾರು 4 ಲಕ್ಷ ಜೀಪು, ಲಾರಿ ಕೊಟ್ಟಿತು. ಸೋವಿಯತ್ತಿನ ಕೆಂಪು ಸೇನೆ ಅಷ್ಟು ವೇಗವಾಗಿ ಪಶ್ಚಿಮಕ್ಕೆ ನುಗ್ಗಿದ್ದರಲ್ಲಿ ಆ ಲಾರಿಗಳ ಪಾಲು ಸಣ್ಣದಲ್ಲ. ಸಿದ್ಧಾಂತದ ಜಗಳ ಆಗಲೂ ಇತ್ತು. 1918ರಲ್ಲಿ ಅಮೆರಿಕ, ಬ್ರಿಟನ್ ಸೈನಿಕರು ಅರ್ಖಾಂಗೆಲ್ಸ್ಕ್‌ನಲ್ಲೂ ವ್ಲಾದಿವೊಸ್ತೊಕ್‌ನಲ್ಲೂ ಇಳಿದಿದ್ದರು. ಮಾಸ್ಕೋ ಅದನ್ನು ಮರೆಯಲಿಲ್ಲ. ಸೋವಿಯತ್ ಸರ್ಕಾರವನ್ನು ಅಮೆರಿಕ ಒಪ್ಪಿಕೊಂಡಿದ್ದೇ 1933ರಲ್ಲಿ. ಅಂದರೆ ಹಳೆಯ ಅನುಮಾನ ಇತ್ತು, ಆದರೂ ಜೊತೆಯಾಗಿ ಕೆಲಸ ಮಾಡಿದರು. ಆಮೇಲೆ ನಾಲ್ಕೇ ವರ್ಷಗಳಲ್ಲಿ ಬದ್ಧವೈರಿಗಳಾದರು. ಆ ನಾಲ್ಕು ವರ್ಷ ಏನಾಯಿತು? ನಿಮ್ಮ ಲೇಖನ ಉತ್ತರ ಕೊಡಬೇಕಾದ ಪ್ರಶ್ನೆ ಇದೊಂದೇ.

ನನ್ನ ಸಲಹೆ ಇಷ್ಟು. 1945ರ ಜುಲೈನಿಂದ ಶುರುಮಾಡಿ 1949ರ ಆಗಸ್ಟ್‌ಗೆ ನಿಲ್ಲಿಸಿ. ಪ್ರತಿ ಘಟ್ಟದಲ್ಲೂ ಅವತ್ತು ಅವರಿಗೆ ಏನು ಗೊತ್ತಿತ್ತೋ ಅಷ್ಟನ್ನೇ ಇಟ್ಟುಕೊಂಡು ಬರೆಯಿರಿ. 1946ರಲ್ಲಿ ಕೂತವನಿಗೆ 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಗೊತ್ತಿರಲಿಲ್ಲ, 1991 ಅಂತೂ ಕನಸಿನಲ್ಲೂ ಇರಲಿಲ್ಲ.

ಎಲ್ಲಿಂದ ಶುರುಮಾಡುವುದು ಅಂದರೆ, ಪಾಟ್ಸ್‌ಡ್ಯಾಮ್‌ನಿಂದ. ಜರ್ಮನಿ ಸೋತ ಮೇಲೆ ಗೆದ್ದ ದೇಶಗಳ ನಾಯಕರು ಸಭೆ ಸೇರಿದ್ದು ಅಲ್ಲೇ. 1945ರ ಜುಲೈ 24. ಅವತ್ತಿನ ಸಭೆ ಮುಗಿದ ಮೇಲೆ ಅಮೆರಿಕ ಅಧ್ಯಕ್ಷ ಟ್ರೂಮನ್ ಸೋವಿಯತ್ ನಾಯಕ ಸ್ಟಾಲಿನ್ ಹತ್ತಿರ ಹೋಗಿ, ನಮ್ಮ ಹತ್ತಿರ ಭಾರೀ ಶಕ್ತಿಯ ಹೊಸ ಆಯುಧವೊಂದಿದೆ ಅಂತ ಮಾತಿನ ಮಧ್ಯೆ ಹೇಳಿದರು. ಸ್ಟಾಲಿನ್ ಮುಖದಲ್ಲಿ ಏನೂ ಕಾಣಲಿಲ್ಲ. ಇವರಿಗೆ ಅರ್ಥವೇ ಆಗಲಿಲ್ಲವೇನೋ ಅಂದುಕೊಂಡರು ಅಲ್ಲಿದ್ದವರು. ಗೂಢಚಾರರಿಂದ ಸ್ಟಾಲಿನ್‌ಗೆ ವಿಷಯ ಎಂದೋ ತಲುಪಿತ್ತು. ತಮಾಷೆ ಏನಂದರೆ, ಅಣುಬಾಂಬ್ ಯೋಜನೆಯ ಪೂರ್ತಿ ವಿವರ ಟ್ರೂಮನ್‌ಗೆ ಸಿಕ್ಕಿದ್ದೇ ರೂಸ್ವೆಲ್ಟ್ ತೀರಿಕೊಂಡು ಅವರು ಅಧ್ಯಕ್ಷರಾದ ಮೇಲೆ, ಆ ವರ್ಷದ ಏಪ್ರಿಲ್‌ನಲ್ಲಿ. ಅಮೆರಿಕದ ಗುಟ್ಟು ಅಮೆರಿಕದ ಅಧ್ಯಕ್ಷರಿಗಿಂತ ಮೊದಲು ಕ್ರೆಮ್ಲಿನ್‌ಗೆ ಗೊತ್ತಿತ್ತು! ನೀವು ಪಾಟ್ಸ್‌ಡ್ಯಾಮ್ ಬಗ್ಗೆ ‘ಮಹತ್ವದ ಚರ್ಚೆಗಳು ನಡೆದವು’ ಅಂತ ಬರೆದು ಮುಂದೆ ಹೋಗಿದ್ದೀರಿ. ಅಯ್ಯೋ ಅನಿಸಿತು.

ಸ್ಟಾಲಿನ್ ಕಡೆಯಿಂದ ನೋಡುವಾಗ ಒಂದು ಅಂಕಿ ಬಿಡಲೇಬಾರದು. ಆ ಯುದ್ಧದಲ್ಲಿ ಸತ್ತ ಸೋವಿಯತ್ ಜನ ಸುಮಾರು 2.7 ಕೋಟಿ. ಅಮೆರಿಕ ಕಳೆದುಕೊಂಡಿದ್ದು ಸುಮಾರು 4 ಲಕ್ಷ. ಪೋಲೆಂಡ್ ಮೇಲಿನಿಂದಲೇ ಹಿಟ್ಲರ್ ಬಂದ. ಹಾಗಾಗಿ ವಾರ್ಸಾದಲ್ಲಿ ತನ್ನ ಮಾತು ಕೇಳುವ ಸರ್ಕಾರವೇ ಇರಬೇಕು ಅಂತ ಸ್ಟಾಲಿನ್ ಹಟ ಹಿಡಿದರು. ಇದನ್ನು ವಿವರಿಸುವುದು ಬೇರೆ, ಸಮರ್ಥಿಸುವುದು ಬೇರೆ. 1945ರ ಫೆಬ್ರವರಿಯ ಯಾಲ್ಟಾ ಸಭೆಯಲ್ಲಿ ಮುಕ್ತ ಚುನಾವಣೆ ಮಾಡಿಸುತ್ತೇವೆ ಅಂತ ಮಾತು ಕೊಟ್ಟು, 1947ರ ಜನವರಿಯಲ್ಲಿ ಪೋಲೆಂಡ್ ಚುನಾವಣೆಯಲ್ಲಿ ಬಹಿರಂಗವಾಗಿ ಅಕ್ರಮ ಮಾಡಿಸಿದರು. ಪೋಲೆಂಡ್‌ಗಾಗಿಯೇ 1939ರಲ್ಲಿ ಯುದ್ಧಕ್ಕಿಳಿದ ಬ್ರಿಟನ್‌ಗೆ ಇದು ಹೇಗೆ ಕಂಡಿರಬೇಕು? ಎರಡೂ ಕಡೆಯ ನೋಟ ಒಂದೇ ಪುಟದಲ್ಲಿ ಬರಬೇಕು. ನಿಮ್ಮಲ್ಲಿ ಸೋವಿಯತ್ ನಷ್ಟ ಮೊದಲ ಪುಟದಲ್ಲಿದೆ, ಪೋಲೆಂಡ್ ಚುನಾವಣೆ ಕೊನೆಗೆ ಎಲ್ಲೋ ಟಿಪ್ಪಣಿಯ ಹಾಗೆ ಬರುತ್ತದೆ.

1946ಕ್ಕೆ ಬನ್ನಿ. ಚರ್ಚಿಲ್ ಅಮೆರಿಕದ ಫುಲ್ಟನ್ ಊರಿನಲ್ಲಿ ಮಾಡಿದ ಭಾಷಣಕ್ಕೆ ನೀವು ಒಂದು ಪುಟ ಕೊಟ್ಟಿದ್ದೀರಿ. ಯುರೋಪನ್ನು ಎರಡಾಗಿ ಸೀಳಿದ ‘ಕಬ್ಬಿಣದ ಪರದೆ’ ಎಲ್ಲರಿಗೂ ಗೊತ್ತಿರುವ ಮಾತು. ಅದನ್ನು ನಾಲ್ಕು ಸಾಲಿಗೆ ಇಳಿಸಿ. ಆಗ ಚರ್ಚಿಲ್ ಪ್ರಧಾನಿ ಆಗಿರಲಿಲ್ಲ, ಹಿಂದಿನ ವರ್ಷವೇ ಸೋತಿದ್ದರು. ನೀವು ‘ಬ್ರಿಟನ್ ಪ್ರಧಾನಿ’ ಅಂತ ಬರೆದಿದ್ದೀರಿ, ತಿದ್ದಿ. ಆದರೆ ವೇದಿಕೆಯ ಮೇಲೆ ಟ್ರೂಮನ್ ಕೂತಿದ್ದರು. ಮಾಸ್ಕೋಗೆ ಜಾಸ್ತಿ ಚುಚ್ಚಿದ್ದು ಬಹುಶಃ ಅದೇ.

ಅದರ ಬದಲು ನೀವು ಮುಟ್ಟದೇ ಬಿಟ್ಟಿರುವ ಎರಡು ತಂತಿಗಳ (ಟೆಲಿಗ್ರಾಂ) ಕಥೆ ತನ್ನಿ. 1946ರ ಫೆಬ್ರವರಿ 22ರಂದು ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಯಿಂದ ಜಾರ್ಜ್ ಕೆನನ್ ಒಂದು ಉದ್ದದ ತಂತಿ ಕಳಿಸಿದರು. ವಿಶ್ವಬ್ಯಾಂಕ್, ಐಎಂಎಫ್ ಸೇರಲು ರಷ್ಯನ್ನರು ಯಾಕೆ ಹಿಂದೇಟು ಹಾಕುತ್ತಿದ್ದಾರೆ ಅಂತ ವಾಷಿಂಗ್ಟನ್ ಕೇಳಿತ್ತು. ಮೈ ಹುಷಾರಿಲ್ಲದೆ ಮಲಗಿದ್ದ ಕೆನನ್ ಅದಕ್ಕೆ ಪುಟಗಟ್ಟಲೆ ಉತ್ತರ ಹೇಳಿ ಬರೆಸಿದರು. ಸಾರಾಂಶ ಇಷ್ಟು: ಈ ಆಡಳಿತಗಾರರಿಗೆ ಒಳಗೊಳಗೇ ಅಭದ್ರತೆ ಇದೆ. ವಾದ ಮಾಡಿ ಒಪ್ಪಿಸಲು ಆಗುವುದಿಲ್ಲ, ಆದರೆ ಗಟ್ಟಿಯಾಗಿ ನಿಂತರೆ ಹಿಂದೆ ಸರಿಯುತ್ತಾರೆ. ವಾಷಿಂಗ್ಟನ್ನಿನಲ್ಲಿ ಅದು ಮೇಜಿನಿಂದ ಮೇಜಿಗೆ ಹೋಯಿತು.

ಅದೇ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ನಿಕೊಲಾಯ್ ನೊವಿಕೊವ್ ಮಾಸ್ಕೋಗೆ ತಮ್ಮ ವರದಿ ಕಳಿಸಿದರು. ಅದರಲ್ಲಿ ಇದ್ದಿದ್ದು ಏನು ಗೊತ್ತಾ? ಅಮೆರಿಕ ಇಡೀ ಜಗತ್ತಿನ ಮೇಲೆ ಹಿಡಿತ ಬಯಸುತ್ತಿದೆ, ತನ್ನ ತೀರದಿಂದ ಸಾವಿರಾರು ಮೈಲಿ ದೂರದಲ್ಲಿ ಸೇನಾ ನೆಲೆ ಕಟ್ಟುತ್ತಿದೆ, ಸೋವಿಯತ್ ಒಕ್ಕೂಟದ ಮೇಲೆ ಯುದ್ಧಕ್ಕೆ ತಯಾರಿ ಮಾಡುತ್ತಿದೆ. ವಿದೇಶಾಂಗ ಮಂತ್ರಿ ಮೊಲೊಟೊವ್ ಏನು ಕೇಳಲು ಬಯಸಿದ್ದರೋ ಅದೇ ಅದರಲ್ಲಿತ್ತು. ಆ ವರದಿ ಹೊರಗಿನವರಿಗೆ ಸಿಕ್ಕಿದ್ದು 1990ರಲ್ಲಿ. ಎರಡು ರಾಜಧಾನಿ, ಒಂದೇ ವರ್ಷ, ಇಬ್ಬರು ಅಧಿಕಾರಿಗಳು. ಇಬ್ಬರ ಮಾತೂ ಹೆಚ್ಚುಕಮ್ಮಿ ಒಂದೇ: ನಾವು ನಮ್ಮನ್ನು ಕಾಪಾಡಿಕೊಳ್ಳುತ್ತಿದ್ದೇವೆ, ದಾಳಿಗೆ ಹೊರಟಿರುವವರು ಅವರು. ನನ್ನನ್ನು ಕೇಳಿದರೆ ಇಡೀ ಲೇಖನದ ಬೆನ್ನುಮೂಳೆ ಇದು. ಕೆನನ್ ವಿಶ್ಲೇಷಣೆ ನೊವಿಕೊವ್‌ಗಿಂತ ಎಷ್ಟೋ ಆಳವಾದದ್ದು, ಅದನ್ನೂ ಹೇಳಿ. ಸರಿಸಮ ಮಾಡುವ ಚಪಲಕ್ಕೆ ಬೀಳಬೇಡಿ.

ಗ್ರೀಸ್ ವಿಷಯದಲ್ಲಿ ನೀವು ‘ಸ್ಟಾಲಿನ್ ಗ್ರೀಸ್ ನುಂಗಲು ಹೊರಟಿದ್ದ’ ಅಂತ ಬರೆದಿದ್ದೀರಿ. ಅವತ್ತು ವಾಷಿಂಗ್ಟನ್ ನಂಬಿದ್ದೂ ಅದನ್ನೇ. ಆದರೆ 1944ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಚರ್ಚಿಲ್ ಒಂದು ಚೀಟಿಯಲ್ಲಿ ರೊಮೇನಿಯಾ ನೂರಕ್ಕೆ 90 ಪಾಲು ನಿಮಗೆ, ಗ್ರೀಸ್ ನೂರಕ್ಕೆ 90 ಪಾಲು ನಮಗೆ ಅಂತ ಬರೆದು ತೋರಿಸಿದ್ದರು. ಸ್ಟಾಲಿನ್ ಅದಕ್ಕೆ ನೀಲಿ ಪೆನ್ಸಿಲ್‌ನಲ್ಲಿ ಗೀಟು ಹಾಕಿದ್ದರು. ಗ್ರೀಸ್ ಮಟ್ಟಿಗೆ ಆ ಮಾತನ್ನು ಹೆಚ್ಚುಕಮ್ಮಿ ಪಾಲಿಸಿದರು ಕೂಡ. ಅಲ್ಲಿನ ಸರ್ಕಾರದ ವಿರುದ್ಧ ಅಂತರ್ಯುದ್ಧ ನಡೆಸುತ್ತಿದ್ದ ಗ್ರೀಕ್ ಕಮ್ಯುನಿಸ್ಟರಿಗೆ ಕೋವಿ, ಆಶ್ರಯ ಕೊಟ್ಟಿದ್ದು ಮುಖ್ಯವಾಗಿ ಯುಗೊಸ್ಲಾವಿಯದ ನಾಯಕ ಟಿಟೊ. ಅದು ಸ್ಟಾಲಿನ್‌ಗೆ ಹಿಡಿಸುತ್ತಿರಲಿಲ್ಲ. 1948ರ ಜೂನ್‌ನಲ್ಲಿ ಅವರಿಬ್ಬರೂ ಪೂರ್ತಿ ಮುರಿದುಕೊಂಡರು. ತಪ್ಪು ತಿಳುವಳಿಕೆಯ ಮೇಲೆ ಅಮೆರಿಕದ ದೊಡ್ಡ ನೀತಿಯೊಂದು (ಟ್ರೂಮನ್ ಸಿದ್ಧಾಂತ) ಹುಟ್ಟಿತು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಆ ನೀತಿ ಹುಟ್ಟಿದ ದಿನಗಳಲ್ಲಿ ನಮಗೆ ಹತ್ತಿರದ ಸಂಗತಿಯೂ ಒಂದಿದೆ. 1947ರ ಫೆಬ್ರವರಿ 20ರಂದು ಪ್ರಧಾನಿ ಅಟ್ಲೀ ಬ್ರಿಟನ್ ಸಂಸತ್ತಿನಲ್ಲಿ, 1948ರ ಜೂನ್ ಒಳಗೆ ಭಾರತ ಬಿಟ್ಟು ಹೊರಡುತ್ತೇವೆ ಅಂತ ಘೋಷಿಸಿದರು. ಮಾರನೇ ದಿನ ಬ್ರಿಟನ್ ವಾಷಿಂಗ್ಟನ್‌ಗೆ ತಿಳಿಸಿತು, ಗ್ರೀಸ್ ಮತ್ತು ಟರ್ಕಿಗೆ ಇನ್ನು ನಮ್ಮಿಂದ ದುಡ್ಡು ಕೊಡಲು ಆಗುವುದಿಲ್ಲ. ಲಂಡನ್‌ನಲ್ಲಿ ಭೀಕರ ಚಳಿ, ಕಲ್ಲಿದ್ದಲಿಲ್ಲ, ಖಜಾನೆ ಖಾಲಿ. ಒಂದೇ ಖಾಲಿ ಖಜಾನೆ ನಮ್ಮ ಸ್ವಾತಂತ್ರ್ಯವನ್ನೂ ಹತ್ತಿರ ತಂದಿತು, ಅಮೆರಿಕವನ್ನು ಮೆಡಿಟರೇನಿಯನ್‌ಗೂ ಎಳೆದು ತಂದಿತು. ಮಾರ್ಚ್ 12ರಂದು ಟ್ರೂಮನ್ 40 ಕೋಟಿ ಡಾಲರ್ ಕೇಳಿದರು. ಕೇಳುವಾಗ ಬರೀ ಗ್ರೀಸ್, ಟರ್ಕಿ ಅನ್ನಲಿಲ್ಲ. ಜಗತ್ತಿನಲ್ಲಿ ಎರಡು ಜೀವನಕ್ರಮ ಇವೆ, ಸ್ವತಂತ್ರ ಜನರ ಬೆನ್ನಿಗೆ ನಾವು ನಿಲ್ಲುತ್ತೇವೆ ಅಂದರು. ದುಡ್ಡು ಬಿಚ್ಚಲು ಮನಸ್ಸಿಲ್ಲದ ಸಂಸತ್ತನ್ನು ಒಪ್ಪಿಸಲು ಮಾತು ದೊಡ್ಡದು ಮಾಡಬೇಕಾಯಿತು. ಆಮೇಲೆ ಆ ದೊಡ್ಡ ಮಾತಿನಿಂದ ಹಿಂದೆ ಬರಲು ಯಾರಿಗೂ ಆಗಲಿಲ್ಲ.

ಯುದ್ಧದಲ್ಲಿ ಹಾಳಾದ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ದುಡ್ಡು ಕೊಟ್ಟ ಮಾರ್ಷಲ್ ಯೋಜನೆ ಬಗ್ಗೆ ‘ಪಶ್ಚಿಮ ಯುರೋಪಿಗೆ ಮಾತ್ರ’ ಅಂತ ಬರೆದಿದ್ದೀರಿ. ಅದು ತಪ್ಪು. 1947ರ ಜೂನ್ 5ರ ಆಹ್ವಾನ ಪೂರ್ವ ಯುರೋಪಿಗೂ, ಸೋವಿಯತ್ ಒಕ್ಕೂಟಕ್ಕೂ ಇತ್ತು. ಮೊಲೊಟೊವ್ ಪ್ಯಾರಿಸ್ ಸಭೆಗೆ ಹೋಗಿದ್ದರು, ಜುಲೈ 2ರಂದು ಎದ್ದು ಬಂದರು. ಝೆಕೊಸ್ಲೊವಾಕಿಯಾ ಮೊದಲು ಬರುತ್ತೇವೆ ಅಂದಿತ್ತು. ಅದರ ಮಂತ್ರಿಗಳನ್ನು ಮಾಸ್ಕೋಗೆ ಕರೆಸಿ ಗದರಿಸಿದ ಮೇಲೆ ಇಲ್ಲ ಅಂದಿತು. ಮರುವರ್ಷ ಫೆಬ್ರವರಿಯಲ್ಲಿ ಅಲ್ಲಿ ಕಮ್ಯುನಿಸ್ಟರು ಪೂರ್ತಿ ಅಧಿಕಾರ ಹಿಡಿದರು. ಈ ಸಾಲು ಸರಿಯಾಗಿ ಕೂತರೆ ಓದುಗನಿಗೆ ತಾನಾಗಿಯೇ ಕಾಣುತ್ತದೆ, ಬಾಗಿಲು ಯಾವಾಗ ಮುಚ್ಚಿತು, ಯಾರು ಮುಚ್ಚಿದರು ಅಂತ.

ಈಗ ಬರ್ಲಿನ್. ನಿಮ್ಮ ಲೇಖನದಲ್ಲಿ ಜೀವ ಇರುವ ಭಾಗ ಇದು. ವಿಮಾನದಲ್ಲಿ ಕಲ್ಲಿದ್ದಲು ತರುವುದನ್ನು ಬರೆದಿದ್ದೀರಲ್ಲ, ಅಲ್ಲಿ ನಾನು ಪೆನ್ನು ಕೆಳಗಿಟ್ಟು ಓದಿದೆ. ಅದನ್ನು ಮೂರು ಪಟ್ಟು ಬೆಳೆಸಿ. ಆದರೆ ‘ಗೋಡೆ ಕಟ್ಟಿ ನಗರಕ್ಕೆ ದಿಗ್ಬಂಧನ ಹಾಕಿದರು’ ಅನ್ನುವ ಸಾಲು ತೆಗೆಯಿರಿ. ದಿಗ್ಬಂಧನ 1948ರದ್ದು, ಗೋಡೆ 1961ರ ಆಗಸ್ಟ್ 13ರದ್ದು. ಹದಿಮೂರು ವರ್ಷದ ಅಂತರ ಇದೆ. ಈ ಒಂದು ಸಾಲು ನೋಡಿದ ಓದುಗ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ದಿಗ್ಬಂಧನ ಯಾಕೆ ಸಾಧ್ಯವಾಯಿತು ಅಂತ ನೀವು ಹೇಳಿಲ್ಲ. ಗೆದ್ದ ನಾಲ್ಕು ದೇಶಗಳು ಜರ್ಮನಿಯನ್ನೂ ಬರ್ಲಿನ್ನನ್ನೂ ತಮ್ಮಲ್ಲಿ ಹಂಚಿಕೊಂಡಿದ್ದವು. ಬರ್ಲಿನ್ ಇದ್ದಿದ್ದು ಸೋವಿಯತ್ ವಲಯದ ಒಳಗೆ, ಗಡಿಯಿಂದ 150 ಕಿಲೋಮೀಟರಿಗೂ ದೂರ. ಅಲ್ಲಿಗೆ ಹೋಗುವ ರಸ್ತೆ, ರೈಲು ಬಳಸಲು ಪಶ್ಚಿಮದವರ ಹತ್ತಿರ ಗಟ್ಟಿಯಾದ ಲಿಖಿತ ಒಪ್ಪಂದ ಇರಲಿಲ್ಲ. ವಿಮಾನ ಹಾರಲು ಮೂರು ದಾರಿಗಳಿಗೆ ಮಾತ್ರ 1945ರ ನವೆಂಬರ್‌ನಲ್ಲಿ ಬರಹದ ಒಪ್ಪಂದ ಆಗಿತ್ತು. 1948ರ ಜೂನ್‌ನಲ್ಲಿ ಪಶ್ಚಿಮದ ವಲಯಗಳಲ್ಲಿ ಹೊಸ ಮಾರ್ಕ್ ನೋಟು ಬಂತು. ಬೆಲೆ ಕಳೆದುಕೊಂಡ ಹಳೆಯ ನೋಟುಗಳೆಲ್ಲ ತಮ್ಮ ವಲಯಕ್ಕೆ ಬಂದು ಬೀಳುತ್ತವೆ ಅಂತ ರಷ್ಯನ್ನರಿಗೆ ಭಯ. ಅದಕ್ಕಿಂತ ದೊಡ್ಡ ಭಯ, ಇದು ಪ್ರತ್ಯೇಕ ಜರ್ಮನಿಯ ಮೊದಲ ಹೆಜ್ಜೆ ಅನ್ನುವುದು. ಜೂನ್ 24ರಂದು ದಾರಿ ಬಂದ್ ಮಾಡಿದರು.

ಪಶ್ಚಿಮ ಬರ್ಲಿನ್ ಒಳಗೆ 20 ಲಕ್ಷಕ್ಕೂ ಮೀರಿದ ಜನ. ಅಮೆರಿಕದ ಸೇನಾಧಿಕಾರಿ ಲೂಷಿಯಸ್ ಕ್ಲೇ ಶಸ್ತ್ರಸಜ್ಜಿತ ಲಾರಿಗಳ ಸಾಲು ನುಗ್ಗಿಸೋಣ ಅಂದರು. ಟ್ರೂಮನ್ ಬೇಡ ಅಂದರು. ಸಾಮಾನೆಲ್ಲ ವಿಮಾನದಲ್ಲೇ ಹೋಯಿತು. ರಷ್ಯನ್ನರು ವಿಮಾನಗಳನ್ನು ಹೊಡೆದುರುಳಿಸಬಹುದಿತ್ತು, ಅವರೂ ಹೊಡೆಯಲಿಲ್ಲ. ಇಲ್ಲಿ ನಿಂತು ಬರೆಯಿರಿ. ಮೊದಲ ಗುಂಡು ತಾನು ಹಾರಿಸಬಾರದು ಅಂತ ಇಬ್ಬರೂ ಲೆಕ್ಕ ಹಾಕಿದರು. ಮುಂದಿನ ನಲವತ್ತು ವರ್ಷ ನಡೆದ ಆಟದ ನಿಯಮ ಇಲ್ಲೇ ಹುಟ್ಟಿತು. ದಿಗ್ಬಂಧನ 1949ರ ಮೇ 12ಕ್ಕೆ ತೆರವಾಯಿತು. ವಿಮಾನಗಳು ಸೆಪ್ಟೆಂಬರ್ ತನಕ ಹಾರಿದವು. ಒಟ್ಟು 2.7 ಲಕ್ಷಕ್ಕೂ ಹೆಚ್ಚು ಹಾರಾಟ, ಸುಮಾರು 23 ಲಕ್ಷ ಟನ್ ಸಾಮಾನು. ಅದರಲ್ಲಿ ಮೂರನೇ ಎರಡು ಭಾಗ ಕಲ್ಲಿದ್ದಲು. ಟೆಗೆಲ್‌ನಲ್ಲಿ ಹೊಸ ರನ್‌ವೇ ಕಟ್ಟಲು ಮಣ್ಣು, ಕಲ್ಲು ಹೊತ್ತವರಲ್ಲಿ ಬರ್ಲಿನ್ನಿನ ಹೆಂಗಸರು ಸಾವಿರಾರು ಮಂದಿ. ನಾಲ್ಕು ವರ್ಷದ ಹಿಂದೆ ಇದೇ ವಿಮಾನಗಳ ದೇಶದವರು ಅದೇ ನಗರದ ಮೇಲೆ ಬಾಂಬ್ ಹಾಕಿದ್ದರು.

ಅದೇ ಹೊತ್ತಿನಲ್ಲಿ ಪಶ್ಚಿಮದವರ ಸೇನಾ ಕೂಟ ನ್ಯಾಟೋ ಬಂತು, 1949ರ ಏಪ್ರಿಲ್ 4, 12 ದೇಶ. ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ ಆಯಿತು. ಆಗಸ್ಟ್ 29ಕ್ಕೆ ಸೆಮಿಪಲಾಟಿನ್ಸ್ಕ್‌ನಲ್ಲಿ ಸೋವಿಯತ್ ಅಣುಬಾಂಬ್ ಸಿಡಿಯಿತು. ಅಲ್ಲಿಗೆ ನಿಲ್ಲಿಸಿ. ಕೊರಿಯಾ, ಹೈಡ್ರೋಜನ್ ಬಾಂಬ್, ಸ್ಪುಟ್ನಿಕ್ ಎಲ್ಲ ಈ ಲೇಖನಕ್ಕೆ ಬೇಡ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಲೇಖನದ ಉದ್ದಕ್ಕೂ ಒಂದು ಕಡೆಗೆ ‘ಪ್ರಜಾಪ್ರಭುತ್ವದ ಶಕ್ತಿ’, ಇನ್ನೊಂದು ಕಡೆಗೆ ‘ಸರ್ವಾಧಿಕಾರದ ಶಕ್ತಿ’ ಅಂತ ಪಟ್ಟಿ ಕಟ್ಟಿದ್ದೀರಿ. ಸ್ಟಾಲಿನ್ ರಷ್ಯಾವನ್ನು ಸರ್ವಾಧಿಕಾರ ಅನ್ನಲು ಯಾವ ಸಂಕೋಚವೂ ಬೇಡ. ಸ್ಟಾಲಿನ್ ತೀರಿಕೊಂಡ ಮೇಲೂ, 1956ರಲ್ಲಿ ಹಂಗೇರಿಯ ಬುಡಾಪೆಸ್ಟ್ ಬೀದಿಗೆ ಟ್ಯಾಂಕ್ ನುಗ್ಗಿಸಿದ್ದು ಸೋವಿಯತ್ ಒಕ್ಕೂಟವೇ. ಆದರೆ 1953ರಲ್ಲಿ ಇರಾನ್‌ನಲ್ಲಿ ಮೊಸಾದೆಕ್ ಸರ್ಕಾರವನ್ನು, 1954ರಲ್ಲಿ ಗ್ವಾಟೆಮಾಲಾದಲ್ಲಿ ಜನರೇ ಆರಿಸಿದ ಅರ್ಬೆನ್ಜ್ ಸರ್ಕಾರವನ್ನು ಉರುಳಿಸಲು ಕೈಜೋಡಿಸಿದ್ದು ಅಮೆರಿಕ. ಮನೆಯೊಳಗೆ ಪ್ರಜಾಪ್ರಭುತ್ವ ಇದ್ದ ದೇಶ ಹೊರಗೆ ಬೇರೆ ರೀತಿ ನಡೆದುಕೊಂಡಿತು. ಇವನ್ನೆಲ್ಲ ಲೇಖನಕ್ಕೆ ತುರುಕಿ ಅಂತ ಹೇಳುತ್ತಿಲ್ಲ. ಆ ಪಟ್ಟಿ ತೆಗೆಯಿರಿ, ದೇಶದ ಹೆಸರು ಹೇಳಿ, ಸಾಕು.

ಕೊನೆಯ ಭಾಗ, ಭಾರತದ್ದು. ಅಲಿಪ್ತ ನೀತಿಯ ಮೇಲೆ ಐದು ಪ್ಯಾರಾ ಇದೆ, ಎಲ್ಲವೂ ಪಠ್ಯಪುಸ್ತಕದ ಧಾಟಿ. ‘ಭಾರತ ದೂರ ನಿಂತು ನೋಡಿತು’ ಅಂತ ಮುಗಿಸಿದ್ದೀರಿ. ದೂರ ಎಲ್ಲಿ ನಿಂತಿತ್ತು? ಕೊರಿಯಾ ಯುದ್ಧ ನಡೆಯುತ್ತಿದ್ದ 1950ರ ಅಕ್ಟೋಬರ್ ಆರಂಭದಲ್ಲಿ ಬೀಜಿಂಗ್‌ನಲ್ಲಿದ್ದ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಚೀನಾ ಪ್ರಧಾನಿ ಚೌ ಎನ್‌ಲಾಯ್ ನಡುರಾತ್ರಿ ಕರೆಸಿದರು. ಅಮೆರಿಕದ ಸೇನೆ ಎರಡು ಕೊರಿಯಾಗಳ ನಡುವಿನ 38ನೇ ಅಕ್ಷಾಂಶ ದಾಟಿ ಉತ್ತರಕ್ಕೆ ಬಂದರೆ ಚೀನಾ ಸುಮ್ಮನಿರುವುದಿಲ್ಲ ಅಂತ ಹೇಳಿ ಕಳಿಸಿದರು. ದೆಹಲಿ ಅದನ್ನು ಮುಟ್ಟಿಸಿತು. ವಾಷಿಂಗ್ಟನ್ ನಂಬಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ ಚೀನಾ ಸೈನಿಕರು ಕೊರಿಯಾದಲ್ಲಿದ್ದರು.

ಅದಕ್ಕಿಂತ ಹತ್ತಿರದ ಕಥೆ ಕೊಡಗಿನದು. ಮಡಿಕೇರಿಯ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ತಟಸ್ಥ ರಾಷ್ಟ್ರಗಳ ಕೈದಿ ಆಯೋಗದ ಅಧ್ಯಕ್ಷರಾಗಿದ್ದರು. ಊರಿಗೆ ವಾಪಸ್ ಹೋಗುವುದಿಲ್ಲ ಅಂದ 22 ಸಾವಿರಕ್ಕೂ ಹೆಚ್ಚು ಚೀನೀ, ಉತ್ತರ ಕೊರಿಯಾ ಕೈದಿಗಳನ್ನು ಕಾಯುವ ಕೆಲಸ ಭಾರತದ ಸೇನೆಯದಾಗಿತ್ತು. ಆಯೋಗದಲ್ಲಿ ಎರಡು ದೇಶ ಕಮ್ಯುನಿಸ್ಟ್ ಕಡೆಯವು, ಎರಡು ಪಶ್ಚಿಮದ ಕಡೆ ವಾಲಿದವು, ನಡುವೆ ತಿಮ್ಮಯ್ಯ. ನಮ್ಮ ಸೈನಿಕರು ತನ್ನ ನೆಲಕ್ಕೆ ಕಾಲಿಡಬಾರದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಾಗಾಗಿ ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿ ಎರಡು ಕೊರಿಯಾಗಳ ನಡುವಿನ ಗಡಿಪಟ್ಟಿಗೆ ಇಳಿಸಬೇಕಾಯಿತು. ಕೊನೆಗೆ ಎರಡೂ ಕಡೆ ಬೇಡ ಅಂದ 88 ಕೈದಿಗಳು ನಮ್ಮ ಸೈನಿಕರ ಜೊತೆ ಭಾರತಕ್ಕೇ ಬಂದರು. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆ. ಹೋಗಿ ನೋಡಿ ಬನ್ನಿ. ಇದನ್ನು ಈ ಲೇಖನದ ಬಾಲಕ್ಕೆ ಕಟ್ಟಬೇಡಿ. ಇದು ಬೇರೆಯೇ ಲೇಖನ, ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ಅದೇ ಜಾಸ್ತಿ ಬೇಕು.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಜಗತ್ತೇ ಬೆಚ್ಚಿಬಿದ್ದಿತು’ ನಾಲ್ಕು ಸಲ ಬಂದಿದೆ, ನಾಲ್ಕನ್ನೂ ತೆಗೆಯಿರಿ. ಮಿಲಿಯನ್, ಬಿಲಿಯನ್ ಬೇಡ, ಲಕ್ಷ, ಕೋಟಿ ಬಳಸಿ. ಚರ್ಚಿಲ್ ಹೇಳಿದ್ದು ಅಂತ ಮೂರು ಮಾತು ಹಾಕಿದ್ದೀರಿ. ಎಲ್ಲಿ, ಯಾವಾಗ ಹೇಳಿದರು ಅಂತ ತೋರಿಸಲು ಆಗದಿದ್ದರೆ ಅವೂ ಹೋಗಲಿ. ವಾಟ್ಸಾಪ್‌ನಲ್ಲಿ ಬರುವ ಚರ್ಚಿಲ್ ಬೇರೆ, ನಿಜವಾದ ಚರ್ಚಿಲ್ ಬೇರೆ ಅಲ್ವಾ?

ಹೊಸ ಕರಡು 1,800 ಪದ ಮೀರದಿರಲಿ. ಬರ್ಲಿನ್ ನಕ್ಷೆ ಒಂದನ್ನು ನಮ್ಮ ಕಲಾವಿದರೇ ಬರೆಯುತ್ತಾರೆ, ಮೂರು ವಾಯುಮಾರ್ಗ ಎಲ್ಲಿಂದ ಎಲ್ಲಿಗೆ ಅಂತ ಗುರುತು ಮಾಡಿ ಕಳಿಸಿ. ಬರ್ಲಿನ್, ತಿಮ್ಮಯ್ಯ, ಇವೆರಡರಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳುತ್ತೀರಿ ಅಂತ ಈ ತಿಂಗಳೊಳಗೆ ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ನಿಮಗೆ ಪುಟ ಕಾದಿರಿಸುತ್ತೇನೆ.

ಇತಿ,
ಸಂಪಾದಕ